ಆಟೀನು ಎರಡು

ಮೇಜಿನ ಆ ತುದಿಯಲ್ಲಿ ಕುಳಿತಿದ್ದ ಅಪರಿಚಿತ ತನ್ನ ಎರಡು ಇಸ್ಪೀಟ್ ಎಲೆಗಳನ್ನು ಮುಖದ ಹತ್ತಿರಕ್ಕೆ ತಂದು ಇನ್ನೊಮ್ಮೆ ನೋಡಿದ. ಚಿಗುಸಾ ಯುಗಾವಾ ಉಸಿರು ಬಿಗಿಹಿಡಿದಳು.

ಅವಳ ಕೈಯಲ್ಲಿ ಗೆಲ್ಲುವಂಥ ಎಲೆಯೇನೂ ಇರಲಿಲ್ಲ. ಆದರೂ ಪಂಥಕ್ಕೆ ಇಡುವ ಬಿಲ್ಲೆಗಳನ್ನು, ಇದ್ದ ಚಿಪ್ಸ್ ಅಷ್ಟನ್ನೂ ಮುಂದಕ್ಕೆ ತಳ್ಳಿದ್ದಳು. ಅವನು ಪಂಥ ಒಪ್ಪಿಕೊಂಡರೆ ಅವಳ ಸಂಜೆ ಅಲ್ಲಿಗೆ ಮುಗಿಯುತ್ತಿತ್ತು.

ಅವನು ಒಪ್ಪಲಿಲ್ಲ. ಎಲೆಗಳನ್ನು ಮೆಲ್ಲಗೆ ಮುಂದಕ್ಕೆ ಸರಿಸಿ, ‘ಚೆನ್ನಾಗಿ ಆಡಿದ್ರಿ’ ಎಂದ. ಸೋತವರ ದನಿಯಲ್ಲಿ ಸಾಮಾನ್ಯವಾಗಿ ಇರುವ ಕಹಿ ಅದರಲ್ಲಿ ಇರಲಿಲ್ಲ.

ಚಿಗುಸಾಗೆ ಗೆಲುವಿನ ಜೊತೆಗೆ ಇನ್ನೇನೋ ಆಯಿತು... ಅದೇನೆಂದು ಅವಳು ಯೋಚಿಸಲು ಹೋಗಲಿಲ್ಲ. ಮುಂದಿನ ಎಲೆಗಳು ಬಂದಿದ್ದವು.

ಅದು ಒಸಾಕಾದ ಸೆನ್ನಿಚಿಮಾಯೆಯಲ್ಲಿ, ಉದೋನ್ ನೂಡಲ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಪೋಕರ್ ಕೋಣೆ. ಅಲ್ಲಿನ ಚಿಪ್ಸ್ ಯಾವತ್ತೂ ದುಡ್ಡಾಗುವುದಿಲ್ಲ. ಬರುವವರು ಪ್ರವೇಶದ ಹಣ ಕೊಟ್ಟು, ಒಂದು ಬಿಯರ್ ಹಿಡಿದು ಕೂರುತ್ತಾರೆ. ಪ್ರತಿಯೊಬ್ಬರ ಕೈಯಲ್ಲಿ ಎರಡು ಗುಟ್ಟಿನ ಎಲೆ, ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಏಳರಲ್ಲಿ ಒಳ್ಳೆಯ ಐದು ಕೂಡಿದವರಿಗೆ ಗೆಲುವು, ಪಂಥಕ್ಕೆ ಹೆದರಿ ಬೇರೆಲ್ಲರೂ ಎಲೆ ಬಿಟ್ಟರೆ ಕೊನೆಗೆ ಉಳಿದವರಿಗೆ. ವರ್ಷವಿಡೀ ಅಂಕ ಕೂಡಿಸಿ, ಕೊನೆಯ ಪಂದ್ಯದಲ್ಲಿ ಗೆದ್ದವರನ್ನು ಕೋಣೆಯ ಪರವಾಗಿ ಕೊರಿಯಾದ ಜೆಜು ದ್ವೀಪದ ದೊಡ್ಡ ಪಂದ್ಯಕ್ಕೆ ಕಳಿಸುತ್ತಾರೆ. ಎಲ್ಲರ ಕಣ್ಣೂ ಅದರ ಮೇಲೆ.

ಚಿಗುಸಾಗೆ ಮೂವತ್ತಾರು. ಹಲ್ಲಿನ ಆಸ್ಪತ್ರೆಯೊಂದರಲ್ಲಿ ಬಂದವರ ಹೆಸರು ಕರೆಯುವ ಕೆಲಸ. ‘ನಿನ್ನಂಥ ಹೆಂಗಸರು ಎಲ್ಲೂ ಗೆಲ್ಲೋದಿಲ್ಲ, ಸುಮ್ನೆ ಹೊಂದ್ಕೊಂಡು ಹೋಗೋದು ಕಲಿ’ ಎಂದು ಎಂಟು ವರ್ಷ ಹೇಳಿದ ಗಂಡನನ್ನು ಬಿಟ್ಟು ಬಂದಿದ್ದಳು. ವಿಚಿತ್ರವೆಂದರೆ ಪೋಕರ್ ಮೇಜಿನಲ್ಲಿ ಅವಳಿಗೆ ಗೆಲುವು ತಂದುಕೊಟ್ಟದ್ದೂ ಇದೇ ರೀತಿಯ ಮಾತು. ಇಂಥವರು ಹೀಗೆ, ಅಂಥವರು ಹಾಗೆ.

ಅವಳ ಪ್ರಕಾರ ಆ ಕೋಣೆಗೆ ಬರುವವರು ಮೂರು ಗುಂಪು. ಆಫೀಸು ಮುಗಿಸಿ ಟೈ ಸಡಿಲಿಸಿಕೊಂಡು ಬರುವವರು ಆಡಲೆಂದು ಬಂದವರು, ಎಲೆ ಬಿಡಲೆಂದು ಬಂದವರಲ್ಲ. ಏನು ಹೂಡಿದರೂ ‘ನೋಡೇಬಿಡೋಣ’ ಎಂದು ಹಿಂದೆ ಬರುತ್ತಾರೆ. ಅವರ ಮುಂದೆ ಸುಳ್ಳು ಪಂಥ ಕಟ್ಟಬಾರದು. ಒಳ್ಳೆಯ ಎಲೆ ಬಂದಾಗ ದೊಡ್ಡದಾಗಿ ಹೂಡಬೇಕು, ಕೊಡುತ್ತಾರೆ. ಕಂಪ್ಯೂಟರಿನಿಂದ ಆಟ ಕಲಿತ ಕಾಲೇಜು ಹುಡುಗರಿಗೆ ಹೆದರಿಕೆಯೂ ಇಲ್ಲ, ಹುಮ್ಮಸ್ಸೂ ಇಲ್ಲ. ಅವರ ಹತ್ತಿರ ಚಿಕ್ಕದಾಗಿ ಆಡಿ ದೂರ ಇರಬೇಕು.

ಮೂರನೆಯವರು ಮಾಜಾಂಗ್ ಎಂಬ ಹರಳಿನ ಆಟದ ಮೇಜಿನಿಂದ ಬಂದವರು. ಆ ಆಟದಲ್ಲಿ ಎದುರಾಳಿ ‘ರೀಚಿ’ ಎಂದು ಕೂಗಿದರೆ ಅವನಿಗೆ ಇನ್ನೊಂದೇ ಹರಳು ಬೇಕು ಎಂದರ್ಥ. ಆ ಹರಳನ್ನು ಅವನ ಕೈಗೆ ಹಾಕಿಕೊಟ್ಟವನಿಗಿಂತ ದಡ್ಡನಿಲ್ಲ. ಹಾಗಾಗಿ ಕೂಗು ಕೇಳಿದ್ದೇ ತಮ್ಮ ಆಟವನ್ನು ತಾವೇ ಮುರಿದು ಶರಣಾಗುವುದು ಅವರ ರಕ್ತದಲ್ಲೇ ಇರುತ್ತದೆ. ಪೋಕರಿಗೆ ಬಂದರೂ ಅಷ್ಟೆ. ಸಣ್ಣ ಪಂಥಕ್ಕೆ ಜೊತೆಗೆ ಬರುತ್ತಾರೆ, ಕೊನೆಯ ಎಲೆಗೆ ದೊಡ್ಡ ಪಂಥ ಬಿದ್ದರೆ ಅವರ ಕಿವಿಗೆ ‘ರೀಚಿ’ ಕೇಳಿಸುತ್ತದೆ.

ಅಂದು ಎಲೆ ಬಿಟ್ಟ ಹೊಸಬನ ಹೆಸರು ತೊಮೊನಾರಿ ಹಿಗುಚಿ, ಬಸ್ ಕಂಪನಿಯವನು ಎಂದು ಮರುವಾರ ತಿಳಿಯಿತು. ಮಾಜಾಂಗ್ ಗುಂಪಿನ ಹಿರಿಯ ಸುಗಿತಾ ಮಾಮ ನಕ್ಕುಬಿಟ್ಟರು.

‘ಬಸ್ಸಿನವನಾ? ಡಿಪೋದಲ್ಲಿ ನಾಲ್ಕು ಜನ ಸೇರಿದ್ರೆ ಮಾಜಾಂಗ್ ಬಿಟ್ಟು ಇನ್ನೇನು ಭಜನೆ ಮಾಡ್ತಾರಾ? ನಮ್ಮವನೇ ಬಿಡು.’

ಅಷ್ಟು ಸಾಕಾಯಿತು. ಚಿಗುಸಾ ಅವನನ್ನು ಮೂರನೆಯ ಗುಂಪಿಗೆ ಸೇರಿಸಿದಳು. ಆಮೇಲೆ ವಾರವಾರವೂ ದೊಡ್ಡ ಪಂಥ ಕಟ್ಟಿ ಅವನ ಚಿಪ್ಸ್ ಎಳೆದುಕೊಂಡಳು. ಹೆಚ್ಚುಕಡಿಮೆ ವಾರವಾರವೂ ಅವನು ಎಲೆ ಬಿಟ್ಟ.

ಆಟ ಮುಗಿದ ಮೇಲೆ ಇಬ್ಬರೂ ಒಂದೇ ದಿಕ್ಕಿಗೆ ನಡೆಯುತ್ತಿದ್ದರು. ಮೊದಮೊದಲು ಸ್ಟೇಷನ್‌ವರೆಗೆ, ಆಮೇಲೆ ಸ್ಟೇಷನ್ ಪಕ್ಕದ ಕುಶಿಕಾತ್ಸು ಅಂಗಡಿಯವರೆಗೆ. ಕಡ್ಡಿಗೆ ಚುಚ್ಚಿ ಕರಿದದ್ದರ ಹೆಸರುಗಳನ್ನು ಗೋಡೆಯ ಮೇಲೆ ಉದ್ದಕ್ಕೆ ಬರೆದಿರುತ್ತಿದ್ದರು. ಹಿಗುಚಿ ಗೋಡೆಯ ಕಡೆ ನೋಡುತ್ತಲೇ ಇರಲಿಲ್ಲ.

‘ನೀವು ಏನ್ ತಗೋತೀರೋ ನನಗೂ ಅದೇ, ಯುಗಾವಾ ಸಾನ್’ ಎಂದು ಮರ್ಯಾದೆಯ ‘ಸಾನ್’ ಸೇರಿಸಿಯೇ ಹೇಳುತ್ತಿದ್ದ.

ಎಂಟು ವರ್ಷ ಗಂಡನ ಇಷ್ಟದ ಊಟ ಮಾಡಿದ್ದ ಹೆಣ್ಣಿಗೆ ಆ ಮಾತು ಎಷ್ಟು ಸಿಹಿ ಎಂದು ಬೇರೆಯವರಿಗೆ ಗೊತ್ತಾಗುವುದು ಕಷ್ಟ. ಕಮಲದ ದಂಟನ್ನೋ ಸೀಗಡಿಯನ್ನೋ ತಾನೇ ಆರಿಸಿ ಹೇಳುವಾಗ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ಅವನಿಗೆ ತಮಾಷೆ ಬರುತ್ತಿತ್ತು. ಬಸ್ಸಿನಲ್ಲಿ ಜನ ಮರೆತು ಹೋಗುವ ವಸ್ತುಗಳ ಕಥೆ ಹೇಳುತ್ತಿದ್ದ. ಒಬ್ಬ ತನ್ನ ಹಲ್ಲಿನ ಸೆಟ್ ಬಿಟ್ಟು ಹೋಗಿದ್ದನಂತೆ, ಕೇಳಲು ಬಂದಾಗ ಏನು ಬೇಕೆಂದು ಬಾಯಿಬಿಟ್ಟು ಹೇಳಲು ಆಗಲಿಲ್ಲವಂತೆ. ಚಿಗುಸಾ ನಗುತ್ತಾ ನಗುತ್ತಾ ಬಿಯರ್ ಚೆಲ್ಲಿಕೊಂಡಿದ್ದಳು.

‘ಒಂದು ಮಾತು ಹೇಳ್ಲಾ?’ ಎಂದು ಅವಳು ಒಮ್ಮೆ ಕೇಳಿದಳು. ‘ನೀವು ಎಲೆ ಬಿಡೋದು ಜಾಸ್ತಿ. ಇಷ್ಟು ಹೆದರಬಾರದು.’

ಅವನು ಕೈಯಲ್ಲಿದ್ದ ಕಡ್ಡಿಯನ್ನು ತಟ್ಟೆಗೆ ಇಟ್ಟ. ‘ಹೌದು, ಹೆದರ್ತೀನಿ’ ಎಂದ.

ಈ ಪುಕ್ಕಲನನ್ನು ನಾನು ಯಾಕೆ ಇಷ್ಟಪಡುತ್ತಿದ್ದೇನೆ ಎಂದು ಅವಳು ರೈಲಿನಲ್ಲಿ ಕುಳಿತು ಯೋಚಿಸಿದಳು. ಇಷ್ಟಪಡುತ್ತಿದ್ದೇನೆ ಎಂದು ತನ್ನೊಳಗೆ ತಾನು ಒಪ್ಪಿಕೊಂಡದ್ದು ಅದೇ ಮೊದಲು. ಮೈ ಬೆಚ್ಚಗಾಯಿತು... ಆದರೂ ಮರುವಾರ ಅವನ ಮೇಲೆ ಮತ್ತೊಂದು ಸುಳ್ಳು ಪಂಥ ಕಟ್ಟುವುದನ್ನು ಬಿಡಲಿಲ್ಲ. ಮೇಜು ಬೇರೆ, ಮನಸ್ಸು ಬೇರೆ ಎಂದುಕೊಂಡಿದ್ದಳು.

ವರ್ಷದ ಕೊನೆಯ ಪಂದ್ಯ ಭಾನುವಾರ ಮಧ್ಯಾಹ್ನ ನಡೆಯಿತು. ಸಂಜೆಯ ಹೊತ್ತಿಗೆ ಉಳಿದವರು ಇಬ್ಬರೇ, ಚಿಗುಸಾ ಮತ್ತು ಹಿಗುಚಿ. ಇಬ್ಬರ ಮುಖವೂ ಕ್ಯಾಮೆರಾಕ್ಕೆ ಕಾಣಲೆಂದು ಮೇಜಿನ ಎರಡು ತುದಿಗಳಲ್ಲಿ ಕೂರಿಸಿದ್ದರು. ತಿಂಗಳ ಪಂದ್ಯಗಳನ್ನೂ ಈ ಕೊನೆಯ ಪಂದ್ಯವನ್ನೂ ಅರ್ಧ ಗಂಟೆ ತಡವಾಗಿ ಇಂಟರ್ನೆಟ್‌ನಲ್ಲಿ ತೋರಿಸುವುದು ಆ ಕೋಣೆಯ ರೂಢಿ. ಆಡುವವರಿಗೆ ಪರಸ್ಪರರ ಎಲೆ ಕಾಣದು, ನೋಡುವವರಿಗೆ ಎಲ್ಲರ ಎಲೆಯೂ ಕಾಣುತ್ತದೆ.

ಮೇಜಿನ ನಡುವೆ ರಾಜ, ಒಂಬತ್ತು, ನಾಲ್ಕು, ಏಳು ಬಿದ್ದಿದ್ದವು. ಕೊನೆಯ ಎಲೆಯಾಗಿ ಆಟೀನು ಎರಡು ಬಿತ್ತು, ಕೆಂಪು ಹೃದಯದ ಎಲೆ. ರಾಜ ಮತ್ತು ಒಂಬತ್ತು ಕೂಡ ಆಟೀನು. ಚಿಗುಸಾಳ ಕೈಯಲ್ಲಿದ್ದ ಇಸ್ಪೀಟು ಗುಲಾಮ, ಇಸ್ಪೀಟು ಹತ್ತು ಏನಕ್ಕೂ ಬರಲಿಲ್ಲ.

ಅವಳು ಎಲ್ಲವನ್ನೂ ಮುಂದಕ್ಕೆ ತಳ್ಳಿದಳು.

ಹಿಗುಚಿ ತನ್ನ ಎಲೆಗಳನ್ನು ಮುಖದ ಹತ್ತಿರ ತಂದು ನೋಡಿದ. ಆಮೇಲೆ ಮೇಜಿನ ನಡುವಿನ ಎಲೆಗಳತ್ತ ಬಗ್ಗಿದ. ಬಹಳ ಹೊತ್ತು. ಎಲೆ ಹಂಚುವ ಡೀಲರ್ ಹುಡುಗಿಯ ಕಡೆ ತಿರುಗಿ ಏನೋ ಕೇಳಲು ಬಾಯಿ ತೆರೆದವನು ಮತ್ತೆ ಮುಚ್ಚಿಕೊಂಡ. ಎಲೆ ಬಿಟ್ಟ. ಉಳಿದಿದ್ದ ಚೂರುಪಾರು ಚಿಪ್ಸ್ ಮುಂದಿನ ಆಟದಲ್ಲೇ ಹೋಯಿತು.

ಜನ ಚಪ್ಪಾಳೆ ತಟ್ಟಿದರು. ಚಿಗುಸಾ ತನ್ನ ಬದುಕಿನಲ್ಲಿ ಮೊದಲ ಬಾರಿಗೆ, ತನ್ನ ಬುದ್ಧಿಯಿಂದಲೇ ಏನನ್ನೋ ಗೆದ್ದಿದ್ದಳು.

ಆ ಖುಷಿ ಅರ್ಧ ಗಂಟೆ ಉಳಿಯಿತು.

ಗೋಡೆಯ ಪರದೆಯಲ್ಲಿ ಅದೇ ಆಟ ಮತ್ತೆ ಬಂದಾಗ ಎಲ್ಲರೂ ಅವನ ಎಲೆಗಳನ್ನು ಕಂಡರು. ಆಟೀನು ಎಕ್ಕ, ಆಟೀನು ಆರು. ಮೇಜಿನ ಮೂರು, ಕೈಯ ಎರಡು ಸೇರಿ ಐದೂ ಆಟೀನು, ಅದೂ ಎಕ್ಕದ ಸಮೇತ. ಅದನ್ನು ಸೋಲಿಸುವ ಎಲೆಯೇ ಆ ಮೇಜಿನಲ್ಲಿ ಇರಲು ಸಾಧ್ಯವಿರಲಿಲ್ಲ. ಅಂಥ ಕೈಯನ್ನು ಮೊದಲ ದಿನದ ಹುಡುಗನೂ ಬಿಡುವುದಿಲ್ಲ.

ತಲೆಗಳು ಪರದೆಯಿಂದ ಚಿಗುಸಾಳತ್ತ ತಿರುಗಿದವು. ಆಮೇಲೆ ಯಾರೋ ಹಿಂದಿನಿಂದ, ‘ಒಳ್ಳೇ ಜೋಡಿ, ಕುಶಿಕಾತ್ಸು ತಿನ್ನೋವಾಗ್ಲೇ ಮಾತಾಡ್ಕೊಂಡಿರ್ತಾರೆ’ ಎಂದರು. ಒಬ್ಬರು ನಕ್ಕರು. ಉಳಿದವರು ನಗಲಿಲ್ಲ, ಅದು ಇನ್ನೂ ಕೆಟ್ಟದ್ದಾಗಿತ್ತು.

ಚಿಗುಸಾ ಅವನನ್ನು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿದಳು. ಅವನು ಕಂಬಿ ಹಿಡಿದು ಇಳಿಯುತ್ತಿದ್ದ.

‘ಬೇಕಂತಲೇ ಬಿಟ್ರಾ?’

ಅವನು ಕಾಲಿನಿಂದ ಮುಂದಿನ ಮೆಟ್ಟಿಲು ತಡಕಿದ.

‘ಹಿಗುಚಿ ಸಾನ್, ನಿಮ್ಮನ್ನೇ ಕೇಳ್ತಿರೋದು.’

‘ಹೌದು’ ಎಂದ ಅವನು. ‘ನಿಮಗೆ ಜೆಜುಗೆ ಹೋಗ್ಬೇಕಿತ್ತಲ್ಲ. ಹೋಗಿ ಬನ್ನಿ.’

‘ನನ್ನ ಗಂಡ ಎಂಟು ವರ್ಷ ನನ್ನ ಧೈರ್ಯ ಕಿತ್ಕೊಂಡ. ನೀವು ಅದನ್ನ ಒಂದೇ ಆಟದಲ್ಲಿ ಮುಗಿಸಿದ್ರಿ’ ಎಂದಳು. ‘ನಿಮ್ಮ ಭಿಕ್ಷೆ ನನಗೆ ಬೇಡ. ಇನ್ನು ನನ್ನ ಎದುರಿಗೆ ಬರಬೇಡಿ.’

ಅವನು ಬಗ್ಗಿ ನಮಸ್ಕರಿಸಿ ಇಳಿದು ಹೋದ. ಆಮೇಲೆ ಕೋಣೆಗೆ ಬರಲೇ ಇಲ್ಲ.

ಸಿಟ್ಟು ಒಂದು ವಾರ ಅವಳನ್ನು ಹೊತ್ತು ನಡೆಸಿತು. ಎರಡನೆಯ ವಾರ ಅದು ಸಾಲದಾಯಿತು. ಅವನು ಯಾವಾಗಿನಿಂದ ತನಗೆ ಸೋತುಕೊಡುತ್ತಿದ್ದ? ಮೊದಲ ದಿನದಿಂದಲೇ? ಹಾಗಿದ್ದರೆ ತಾನು ಗೆದ್ದದ್ದು ಒಂದೂ ಗೆಲುವಲ್ಲ. ತಿಳಿದುಕೊಳ್ಳಲೇಬೇಕು ಎಂದು ಆ ವರ್ಷದ ತಿಂಗಳ ಪಂದ್ಯಗಳ ರೆಕಾರ್ಡಿಂಗುಗಳನ್ನು ಹಾಕಿಕೊಂಡು ಕುಳಿತಳು. ಅವನ ಎಲೆಗಳೆಲ್ಲ ಅದರಲ್ಲಿ ಬಯಲಾಗಿದ್ದವು.

ಮೊದಲು ಕಂಡದ್ದು ಅವಳ ಅನುಮಾನಕ್ಕೆ ಹೊಂದಲಿಲ್ಲ. ಅವನು ಅವಳಿಗಷ್ಟೇ ಅಲ್ಲ, ಎಲ್ಲರಿಗೂ ಬಿಟ್ಟಿದ್ದ. ಸುಗಿತಾ ಮಾಮನ ಚಿಲ್ಲರೆ ಪಂಥಕ್ಕೂ ಒಮ್ಮೆ ಒಳ್ಳೆಯ ಎಲೆ ಬಿಟ್ಟಿದ್ದ. ಅಂದರೆ ಪ್ರೀತಿಯಿಂದ ಕೊಟ್ಟದ್ದಲ್ಲ.

ಎರಡನೆಯದು ಅವಳ ಲೆಕ್ಕವನ್ನೇ ಕೆಡಿಸಿತು. ಡೀಲರಿಗೆ ಎದುರಾಗಿ, ಎಲೆಗಳಿಗೆ ತೀರಾ ಹತ್ತಿರದ ಕುರ್ಚಿ ಸಿಕ್ಕ ದಿನ ಅವನು ಯಾರಿಗೂ ಹೆದರಿರಲಿಲ್ಲ. ಚಿಗುಸಾಳದೇ ಒಂದು ಭಾರಿ ಪಂಥವನ್ನು ಬರೀ ಒಂದು ಜೋಡಿ ಏಳು ಹಿಡಿದು ಒಪ್ಪಿಕೊಂಡು ಗೆದ್ದಿದ್ದ. ಅದು ಅದೃಷ್ಟ ಎಂದು ಅವಳು ಆಗ ತಳ್ಳಿಹಾಕಿದ್ದಳು. ಮಾಜಾಂಗ್ ಜನ ಹಾಗೆ ಮಾಡುವುದಿಲ್ಲ ಎಂಬ ಕಾರಣಕ್ಕೆ.

ಅವನು ತಪ್ಪಾಗಿ ಎಲೆ ಬಿಟ್ಟದ್ದೆಲ್ಲ ದೂರದ ಕುರ್ಚಿಗಳಲ್ಲಿ ಕುಳಿತಾಗ. ಅದರಲ್ಲೂ ಆಟೀನು ಡೈಮಂಡ್ ಎರಡೂ ಕೂಡಿ ಬಿದ್ದಾಗ, ಇಲ್ಲವೇ ಇಸ್ಪೀಟು ಕಳಾವರ್ ಎರಡೂ ಕೂಡಿ ಬಿದ್ದಾಗ. ಎರಡು ಕೆಂಪು. ಎರಡು ಕಪ್ಪು. ದೂರದಿಂದ ಬಣ್ಣ ತಿಳಿಯುತ್ತದೆ, ಅಂಕಿ ದೊಡ್ಡದಾಗಿರುತ್ತದೆ. ತಿಳಿಯದೇ ಹೋಗುವುದು ಆ ಪುಟ್ಟ ಚಿತ್ರದ ಆಕಾರ.

ಅವಳ ಬೆರಳು ಲ್ಯಾಪ್‌ಟಾಪಿನ ಕೀಲಿಯ ಮೇಲೆ ನಿಂತಿತು.

ಕೊನೆಯ ಪಂದ್ಯವನ್ನು ಮತ್ತೆ ಹಾಕಿದಳು. ಅವನು ಬಗ್ಗಿ ನೋಡುತ್ತಿದ್ದಾನೆ. ಕೇಳಲು ಬಾಯಿ ತೆರೆಯುತ್ತಾನೆ. ‘ಆ ಎರಡು ಆಟೀನಾ, ಡೈಮಂಡಾ?’ ಎಂದು ಕೇಳಿದರೆ ತನ್ನ ಕೈಯಲ್ಲಿ ಏನಿದೆ ಎಂಬುದೂ ಬಯಲು, ತನ್ನ ಕಣ್ಣಿಗೆ ಏನಾಗಿದೆ ಎಂಬುದೂ ಬಯಲು.

ಕುಶಿಕಾತ್ಸು ಅಂಗಡಿಯ ಗೋಡೆಯ ಮೇಲಿನ ಹೆಸರುಗಳು... ‘ನನಗೂ ಅದೇ, ಯುಗಾವಾ ಸಾನ್.’

ಚಿಗುಸಾ ಲ್ಯಾಪ್‌ಟಾಪ್ ಮುಚ್ಚಿದಳು. ಒಂದು ವರ್ಷ ಅವಳು ಒಬ್ಬ ಮನುಷ್ಯನ ಕತ್ತಲೆಯಿಂದ ಚಿಪ್ಸ್ ಎಳೆದುಕೊಂಡಿದ್ದಳು. ಅದಕ್ಕೆ ಜಾಣತನ ಎಂದು ಹೆಸರಿಟ್ಟಿದ್ದಳು. ಹೆದರಬಾರದು ಎಂದು ಬುದ್ಧಿ ಬೇರೆ ಹೇಳಿದ್ದಳು.

ಅದೇ ವಾರ ಕೋಣೆಯ ಮಾಲೀಕ ಕುವಾಬಾರಾ ಅವಳನ್ನು ಕರೆಸಿದರು. ಎಲ್ಲರೂ ಅವರನ್ನು ಮಾಸ್ಟರ್ ಎನ್ನುತ್ತಿದ್ದರು. ಕೆಟ್ಟ ಮನುಷ್ಯನಲ್ಲ. ಗ್ಲಾಸು ಒರೆಸುತ್ತಲೇ ವಿಷಯಕ್ಕೆ ಬಂದರು. ಒಬ್ಬರಿಗೊಬ್ಬರು ಬಿಟ್ಟುಕೊಟ್ಟು ಆಡಿದರೆ ಇಬ್ಬರೂ ಹೊರಗೆ ಎಂಬುದು ನಿಯಮ. ಹಿಗುಚಿಗೆ ಫೋನ್ ಮಾಡಿದರೆ ‘ತಪ್ಪು ನನ್ನದು, ಅವರದ್ದೇನೂ ಇಲ್ಲ’ ಎಂದಷ್ಟೇ ಹೇಳಿ ಇಟ್ಟುಬಿಟ್ಟನಂತೆ. ಅಷ್ಟರಿಂದ ಯಾರೂ ಸಮಾಧಾನಗೊಳ್ಳುವುದಿಲ್ಲ.

‘ಚಿಗುಸಾ ಚಾನ್, ಅವನು ಆ ಎಲೆ ಯಾಕೆ ಬಿಟ್ಟ ಅಂತ ನಿನಗೆ ಗೊತ್ತಿದ್ರೆ ಹೇಳಮ್ಮ. ಸರಿಯಾದ ಕಾರಣ ಇದ್ರೆ ಜೆಜು ನಿನ್ನದೇ. ನಾನೇ ಎಲ್ಲರ ಬಾಯಿ ಮುಚ್ಚಿಸ್ತೀನಿ.’

ಕಾರಣ ನಾಲಿಗೆಯ ತುದಿಯಲ್ಲಿತ್ತು. ಮೂರು ಪದ ಸಾಕಿತ್ತು, ಅವನಿಗೆ ಕಣ್ಣು ಕಾಣದು. ಅವಳ ಹೆಸರು ಉಳಿಯುತ್ತಿತ್ತು, ಗೆಲುವು ಉಳಿಯುತ್ತಿತ್ತು.

‘ಗೊತ್ತಿಲ್ಲ, ಮಾಸ್ಟರ್’ ಎಂದಳು.

ಅವರು ಗ್ಲಾಸು ಕೆಳಗಿಟ್ಟರು. ಗೋಡೆಯ ಫಲಕದಿಂದ ಅವಳ ಹೆಸರನ್ನು ತೆಗೆಯುವಾಗ ಸುಗಿತಾ ಮಾಮ ತಲೆ ಎತ್ತಲಿಲ್ಲ. ಮೂರನೆಯ ಸ್ಥಾನದ ಕಾಲೇಜು ಹುಡುಗ ಜೆಜುಗೆ ಹೋಗುವುದೆಂದು ತೀರ್ಮಾನವಾಯಿತು.

ಮರುದಿನ ಆಸ್ಪತ್ರೆಗೆ ರಜೆ ಹಾಕಿ, ಅವಳು ಅವನು ಹೇಳಿದ್ದ ಕಥೆಗಳ ನೆನಪಿನ ಮೇಲೆ ಬಸ್ ಕಂಪನಿಯ ಕಳೆದುಹೋದ ವಸ್ತುಗಳ ಕಚೇರಿ ಹುಡುಕಿಕೊಂಡು ಹೋದಳು. ಡಿಪೋದ ಹಿಂಭಾಗದಲ್ಲಿ ಉದ್ದನೆಯ ಕೋಣೆ. ನೂರಾರು ಛತ್ರಿಗಳು, ತಾರೀಖಿನ ಚೀಟಿ ಕಟ್ಟಿಸಿಕೊಂಡು ಸಾಲಾಗಿ ನೇತಾಡುತ್ತಿದ್ದವು. ಕೌಂಟರಿನ ಹಿಂದೆ ಹಿಗುಚಿ ಒಬ್ಬನೇ ಕುಳಿತಿದ್ದ.

ಬಾಗಿಲ ಸದ್ದಿಗೆ ಅವನು ಎದ್ದು ನಿಂತು ಅವಳನ್ನು ನೇರವಾಗಿ ನೋಡಿದ. ಮುಖದಲ್ಲಿ ಕಂಪನಿಯ ಮರ್ಯಾದೆಯ ನಗು.

‘ಬನ್ನಿ. ಏನು ಬಿಟ್ಟು ಹೋಗಿದ್ರಿ? ಯಾವ ಮಾರ್ಗದ ಬಸ್ಸು?’

ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದಳು ಅವಳು. ಅವನಿಗೆ ಗುರುತು ಸಿಕ್ಕಿರಲಿಲ್ಲ.

ಲೆಕ್ಕ ಹಾಕಿ ತಿಳಿದದ್ದು ಬೇರೆ, ಕಣ್ಣೆದುರಿಗೆ ನಡೆದದ್ದು ಬೇರೆ. ಅವನು ಕಾಯುತ್ತಾ ನಿಂತಿದ್ದ, ತಾಳ್ಮೆಯಿಂದ, ದಿನಕ್ಕೆ ಎಷ್ಟೋ ಜನರಿಗೆ ಕಾಯುವ ಹಾಗೆ.

‘ನಾನು’ ಎಂದಳು ಕೊನೆಗೆ.

ಅವನ ನಗು ಅಳಿದುಹೋಯಿತು. ಅವಳಿಗೆ ತಿಳಿದಿದೆ ಎಂದು ಅವನಿಗೆ ಹೇಳಬೇಕಾಗಿ ಬರಲಿಲ್ಲ. ಕುರ್ಚಿಯ ಬೆನ್ನು ತಡಕಿ ಹಿಡಿದುಕೊಂಡ.

ನಿಧಾನಕ್ಕೆ ಎಲ್ಲವೂ ಬಂತು. ನೋಟದ ನಟ್ಟನಡುವೆ ಒಂದು ಬೂದು ಕಲೆ, ವರ್ಷದಿಂದ ವರ್ಷಕ್ಕೆ ಹರಡುವ ಕಲೆ. ಔಷಧಿ ಇಲ್ಲ. ಹನ್ನೊಂದು ವರ್ಷ ಹಿಡಿದಿದ್ದ ಬಸ್ಸಿನ ಸ್ಟೀರಿಂಗನ್ನು ತಪಾಸಣೆಯ ಮರುದಿನವೇ ಬಿಡಿಸಿ ಇಲ್ಲಿ ಕೂರಿಸಿದ್ದರು. ಎಲೆ ಕಾಣುವಷ್ಟು ದಿನ ಆಡಿಬಿಡೋಣ, ಸಾಧ್ಯವಾದರೆ ಜೆಜುವಿನ ದೊಡ್ಡ ಮೇಜಿನಲ್ಲಿ ಒಮ್ಮೆ ಕೂರೋಣ ಎಂದು ಅವನು ಆ ಮಹಡಿ ಹತ್ತಿ ಬಂದಿದ್ದ. ಮಾಜಾಂಗ್ ಅವನಿಗೆ ಬರುತ್ತಲೇ ಇರಲಿಲ್ಲ.

‘ಹಾಗಿದ್ರೆ ಯಾಕೆ ಒಂದು ಮಾತೂ ಆಡಲಿಲ್ಲ?’

‘ಸುಗಿತಾ ಮಾಮ ನಮ್ಮವನು ಅಂದ್ರು. ಎಲ್ರೂ ನಂಬಿದ್ರು. ಅನುಕೂಲ ಆಯ್ತು.’ ಅವನು ತುಸು ತಡೆದ. ‘ಹೇಡಿ ಅಂದ್ರೆ ತಡ್ಕೋಬಹುದು, ಯುಗಾವಾ ಸಾನ್. ಕುರುಡ ಅಂತ ಗೊತ್ತಾದ್ರೆ ಜನ ಹತ್ರ ಉಳಿಯಲ್ಲ.’

‘ಎಷ್ಟು ಜನ ಹೋಗಿದ್ದಾರೆ?’

‘ಏನು?’

‘ಗೊತ್ತಾದ ಮೇಲೆ ಬಿಟ್ಟು ಹೋದವರು. ಎಷ್ಟು ಜನ?’

ಅವನು ಯೋಚಿಸಿದ. ‘ಮದುವೆ ಆಗಬೇಕಿದ್ದವಳು. ಅಣ್ಣನೂ ಮೊದಲಿನ ಹಾಗೆ ಬರಲ್ಲ.’

‘ಇಬ್ಬರು.’ ಅವಳು ಕೌಂಟರಿನ ಹತ್ತಿರಕ್ಕೆ ಬಂದಳು. ‘ಇಬ್ಬರನ್ನ ನೋಡಿ ನನ್ನನ್ನೂ ಅದೇ ಸಾಲಿಗೆ ಸೇರಿಸಿದ್ರಾ? ನೂರಾರು ಆಟ ನೋಡಿನೂ ನಾನು ನಿಮ್ಮ ವಿಷಯದಲ್ಲಿ ತಪ್ಪಿದೆ. ನೀವು ಎರಡಕ್ಕೇ ತೀರ್ಪು ಬರೆದ್ರಿ. ಇದು ಯಾವ ಊರಿನ ಆಟ?’

ಅವನಿಗೆ ನಗು ಬಂತೋ ಅಳು ಬಂತೋ, ಗಂಟಲಿನಿಂದ ಒಂದು ಸದ್ದು ಹೊರಟಿತು.

‘ಮಾಸ್ಟರ್ ಫೋನ್ ಮಾಡಿದ್ರು’ ಎಂದ. ‘ನಿಮ್ಮ ಹೆಸರು ತೆಗೆದ್ರಂತೆ. ನಿಮಗೆ ಕಾರಣ ಗೊತ್ತಿತ್ತು. ಹೇಳ್ಬಹುದಿತ್ತಲ್ಲ?’

‘ಅದು ನನ್ನ ಎಲೆ ಅಲ್ಲ. ಬೇರೆಯವರ ಎಲೆ ತಿರುಗಿಸಿ ತೋರಿಸೋ ಹಕ್ಕು ಮೇಜಿನಲ್ಲಿ ಯಾರಿಗೂ ಇಲ್ಲ.’

ಹೊರಗೆ ಬಸ್ಸೊಂದು ಹಿಂದಕ್ಕೆ ಸರಿಯುವ ಸದ್ದು ಕೇಳಿ ನಿಂತಿತು. ಆಮೇಲೆ ಅವನು, ಸಂಜೆ ತಾನೇ ಹೋಗಿ ಮಾಸ್ಟರ್‌ಗೂ ಉಳಿದವರಿಗೂ ಹೇಳುತ್ತೇನೆ ಎಂದ. ಜೆಜು ಕೈತಪ್ಪಿತು, ಅದನ್ನು ಮರಳಿಸಲಾಗದು. ಆದರೆ ಆ ಕೈಯನ್ನು ತಾನು ಅವಳಿಗೆ ದಾನ ಮಾಡಲಿಲ್ಲ, ಅವಳು ಪಂಥ ಕಟ್ಟಿದಳು, ತನಗೆ ಆಟೀನು ಕಾಣದೆ ಎಲೆ ಬಿಟ್ಟದ್ದು. ಅದು ಅವಳ ಗೆಲುವೇ. ಮೆಟ್ಟಿಲ ಮೇಲೆ ಹೇಳಿದ್ದು ತನ್ನ ಬದುಕಿನ ಅತಿ ಕೆಟ್ಟ ಸುಳ್ಳು.

‘ನನ್ನ ಸಲುವಾಗಿ ಹೇಳೋದು ಬೇಡ’ ಎಂದಳು ಅವಳು.

‘ನಿಮ್ಮ ಸಲುವಾಗಿ ಅಲ್ಲ. ಅಡಗಿಕೊಂಡು ಸುಸ್ತಾಗಿದೆ.’

ಹಾಗೆಂದವನು ಮುಖವನ್ನು ಛತ್ರಿಗಳ ಸಾಲಿನತ್ತ ತಿರುಗಿಸಿದ. ಮಾತು ಮುಗಿಯಿತು, ಇನ್ನು ಹೊರಡು ಎನ್ನುತ್ತಿದ್ದಾನೆ ಎಂದು ಚಿಗುಸಾ ತಿಳಿದಳು. ಚೀಲವನ್ನು ಹೆಗಲಿಗೆ ಹಾಕಿಕೊಂಡಳು.

‘ಹೋಗಬೇಡಿ’ ಎಂದ ಅವನು, ಛತ್ರಿಗಳ ಕಡೆಯೇ ತಿರುಗಿಕೊಂಡು. ‘ನಾನು ಮುಖ ತಿರುಗಿಸಿಲ್ಲ. ನೇರವಾಗಿ ನೋಡಿದ್ರೆ ಆ ಕಲೆ ನಿಮ್ಮ ಮೇಲೇ ಬೀಳುತ್ತೆ, ನೀವು ಮಾಯ ಆಗ್ತೀರಿ. ಹೀಗೆ ಪಕ್ಕಕ್ಕೆ ನೋಡಿದ್ರೆ ಅಂಚಿನಲ್ಲಿ ಸಿಗ್ತೀರಿ. ಈಗ ನಿಮ್ಮನ್ನೇ ನೋಡ್ತಿದ್ದೀನಿ.’

ಅವಳು ಕದಲಲಿಲ್ಲ.

‘ಈ ಅಂಚು ಉಳಿಯುತ್ತಾ?’

‘ಉಳಿಯಬಹುದು ಅಂತಾರೆ ಡಾಕ್ಟರು. ಮಾತು ಕೊಡಲ್ಲ.’ ಅವನು ಉಸಿರೆಳೆದುಕೊಂಡ. ‘ಚಿಗುಸಾ ಸಾನ್, ನನಗೆ ನೀವು ಬೇಕು. ನಿಮಗೆ ಕೊಡೋಕೆ ಇಷ್ಟೇ ಇದೆ, ಇದೂ ಕಡಿಮೆ ಆಗ್ತಾ ಹೋಗುತ್ತೆ. ಎಲ್ಲಾ ಹೇಳಿಬಿಟ್ಟೆ. ಬಿಡಬೇಕು ಅನ್ನಿಸಿದ್ರೆ ಈಗಲೇ ಬಿಡಿ.’

ಚಿಗುಸಾ ಚೀಲವನ್ನು ಕೌಂಟರಿನ ಮೇಲಿಟ್ಟು, ಪಕ್ಕದ ಪುಟ್ಟ ಬಾಗಿಲು ತಳ್ಳಿ ಒಳಗೆ ಬಂದಳು. ಅವನು ನೋಡುತ್ತಿದ್ದ ಕಡೆಯಿಂದ ತುಸು ಈಚೆಗೆ, ಅವನ ನೋಟದ ಅಂಚು ಇರಬಹುದಾದ ಜಾಗ ಹುಡುಕಿ ನಿಂತಳು.

‘ಇಲ್ಲಿ ಕಾಣ್ತೀನಾ?’

‘ಇನ್ನೊಂದು ಹೆಜ್ಜೆ ಈ ಕಡೆ.’

ಅವಳು ಇನ್ನೊಂದು ಹೆಜ್ಜೆ ಇಟ್ಟಳು.

‘ಈಗ?’

‘ಈಗ ಕಾಣ್ತೀರಿ’ ಎಂದ ಅವನು. ‘ಅಲ್ಲೇ ಇರಿ.’